ಬಾವುಟದಲ್ಲಿ ಒಂದನ್ನೇ ಬದಲಿಸಿ

ಎಲ್ಲರಿಗೂ ನಮಸ್ಕಾರ.

ರಾಷ್ಟ್ರಧ್ವಜವನ್ನು ಇಟ್ಟುಕೊಂಡು ಹೊಸದೇನಾದರೂ ಹೇಳಬೇಕು ಅಂತ ಹೊರಟ ಡಿಸೈನರ್‌ಗೆ ನಾನು ಹೇಳುವುದು ಇಷ್ಟೇ: ಒಂದನ್ನು ಮಾತ್ರ ಬದಲಿಸಿ, ಮಿಕ್ಕಿದ್ದನ್ನು ಹಾಗೇ ಬಿಡಿ. ಬಣ್ಣ, ಆಕಾರ, ಅಳತೆ ಎಲ್ಲಕ್ಕೂ ಕೈ ಹಾಕಿದರೆ ಅದು ಇನ್ಯಾವುದೋ ಬಾವುಟ ಆಗಿಬಿಡುತ್ತದೆ. ಯಾವ ದೇಶದ ಮಾತು ಇದು ಅಂತಲೇ ನೋಡುವವರಿಗೆ ಗೊತ್ತಾಗುವುದಿಲ್ಲ.

ಅಮೆರಿಕದ ಕಲಾವಿದ ಜಾಸ್ಪರ್ ಜಾನ್ಸ್ 1969ರಲ್ಲಿ ಮಾಡಿದ ಪೋಸ್ಟರ್ ನೋಡಿ. ವಿಯೆಟ್ನಾಂ ಯುದ್ಧ ನಿಲ್ಲಲಿ ಎಂಬ ಚಳವಳಿಗಾಗಿ ಮಾಡಿದ್ದು. ಅಮೆರಿಕದ ಬಾವುಟದ ಪಟ್ಟೆಗಳು, ನಕ್ಷತ್ರಗಳು ಎಲ್ಲ ಇದ್ದಲ್ಲೇ ಇವೆ. ಬಣ್ಣ ಮಾತ್ರ ಬೇರೆ. ಕೆಂಪು ಇರಬೇಕಾದಲ್ಲಿ ಹಸಿರು, ಬಿಳಿ ಇರಬೇಕಾದಲ್ಲಿ ಕಪ್ಪು, ನೀಲಿ ಇರಬೇಕಾದಲ್ಲಿ ಕಿತ್ತಳೆ. ನಡುವೆ ಒಂದು ಬಿಳಿ ಚುಕ್ಕೆ. ಗುಂಡು ಹೊಕ್ಕ ತೂತಿನ ಹಾಗೂ ಕಾಣುತ್ತದೆ ಅದು. ಆ ಚುಕ್ಕೆಯನ್ನೇ ಅರ್ಧ ನಿಮಿಷ ದಿಟ್ಟಿಸಿ, ಆಮೇಲೆ ಖಾಲಿ ಬಿಳಿ ಗೋಡೆ ಕಡೆ ತಿರುಗಿ. ಗೋಡೆಯ ಮೇಲೆ ಕೆಂಪು, ಬಿಳಿ, ನೀಲಿಯ ಬಾವುಟ ತೇಲಿ ಬರುತ್ತದೆ! ಒಂದು ಬಣ್ಣವನ್ನು ನೋಡಿ ನೋಡಿ ಕಣ್ಣು ದಣಿದರೆ ಅದರ ವಿರುದ್ಧದ ಬಣ್ಣ ಕಾಣುತ್ತದೆ, ಅಷ್ಟೇ. ಆದರೆ ಕಾಗದದ ಮೇಲಿರುವುದು ಕೆಟ್ಟುಹೋದ ಬಾವುಟ. ಅದನ್ನು ಸರಿ ಮಾಡುವ ಕೆಲಸ ನೋಡುವವರ ಕಣ್ಣಿಗೇ ಬಿತ್ತು ಅಲ್ವಾ?

ಅದೇ ಅಮೆರಿಕದ ಬಾವುಟವನ್ನು 1990ರಲ್ಲಿ ಅಲ್ಲಿನ ಕಪ್ಪು ಕಲಾವಿದ ಡೇವಿಡ್ ಹ್ಯಾಮನ್ಸ್ ಕೈಗೆತ್ತಿಕೊಂಡರು. ಅವರೂ ಬದಲಿಸಿದ್ದು ಬಣ್ಣವನ್ನೇ. ಕೆಂಪು, ಕಪ್ಪು ಪಟ್ಟೆ. ಹಸಿರು ಮೂಲೆಯಲ್ಲಿ ಕಪ್ಪು ನಕ್ಷತ್ರ. ಈ ಮೂರು ಬಣ್ಣ ಸುಮ್ನೆ ಬಂದವಲ್ಲ. 1920ರಲ್ಲಿ ಕಪ್ಪು ಜನರ ನಾಯಕ ಮಾರ್ಕಸ್ ಗಾರ್ವಿಯವರ ಸಂಘಟನೆ ಆಫ್ರಿಕಾ ಮೂಲದ ಜನರಿಗಾಗಿ ಎತ್ತಿಹಿಡಿದ ಬಾವುಟದ ಬಣ್ಣಗಳಿವು. ಪಟ್ಟೆಗಳು ‘ಇದು ನಮ್ಮ ದೇಶ’ ಅನ್ನುತ್ತವೆ. ಬಣ್ಣಗಳು ‘ಇಲ್ಲಿ ನಾವೂ ಇದ್ದೇವೆ’ ಅನ್ನುತ್ತವೆ. ಒಂದಕ್ಷರ ಬರೆಯದೆ ಇಷ್ಟು ಹೇಳಿದ ಕೆಲಸ ನನಗೆ ಬೇರೆ ಕಂಡಿಲ್ಲ.

ಜಪಾನಿನ ಬಾವುಟದಲ್ಲಿ ಬದಲಿಸಲು ಏನಿದೆ? ಬಿಳಿ ಬಟ್ಟೆ, ಕೆಂಪು ವೃತ್ತ. 1964ರ ಟೋಕಿಯೋ ಒಲಿಂಪಿಕ್ಸ್‌ನ ಪೋಸ್ಟರಿಗೆ ಡಿಸೈನರ್ ಯುಸಾಕು ಕಮೆಕುರಾ ಆ ವೃತ್ತವನ್ನು ಹಿಗ್ಗಿಸಿದರು. ಬಾವುಟದಲ್ಲಿ ಅದರ ಸುತ್ತ ಬೇಕಾದಷ್ಟು ಬಿಳಿ ಇರುತ್ತದೆ. ಪೋಸ್ಟರಿನಲ್ಲಿ ಅದು ಹಾಳೆಯ ಅಗಲವನ್ನು ಹೆಚ್ಚುಕಮ್ಮಿ ತುಂಬಿಕೊಂಡಿದೆ. ಕೆಳಗೆ ಚಿನ್ನದ ಬಣ್ಣದ ಐದು ಉಂಗುರ, ಊರ ಹೆಸರು, ಇಸವಿ. ಎರಡನೇ ಮಹಾಯುದ್ಧ ಮುಗಿದು ಆಗಿನ್ನೂ 20 ವರ್ಷವೂ ಆಗಿರಲಿಲ್ಲ. ಆ ಗುರುತಿನ ಬಗ್ಗೆ ಕಹಿ ನೆನಪುಗಳಿದ್ದ ಕಾಲ. ಇಲ್ಲಿ ಮಾತ್ರ ಅದು ಮೊದಲು ಸೂರ್ಯನಾಗಿ ಕಾಣುತ್ತದೆ, ಆಮೇಲೆ ಬಾವುಟವಾಗಿ.

ಇನ್ನೊಂದು ಇದೆ, ಅದರ ಬಗ್ಗೆ ನನಗೆ ತಕರಾರಿದೆ. ಯುರೋಪ್ ಒಕ್ಕೂಟಕ್ಕಾಗಿ ವಾಸ್ತುಶಿಲ್ಪಿ ರೆಮ್ ಕೂಲ್‌ಹಾಸ್ ಅವರ ಕಚೇರಿ ರೂಪಿಸಿದ ‘ಬಾರ್‌ಕೋಡ್’ ಬಾವುಟ. ಸದಸ್ಯ ದೇಶಗಳ ಬಾವುಟದ ಬಣ್ಣಗಳನ್ನೆಲ್ಲ ಉದ್ದುದ್ದ ಪಟ್ಟೆಗಳಾಗಿ ಪಕ್ಕಪಕ್ಕ ನಿಲ್ಲಿಸಿದರು. ಯಾರನ್ನೂ ಬಿಡಬಾರದು ಅನ್ನುವ ಆಸೆ ಒಳ್ಳೆಯದೇ. ಆದರೆ ಆಕಾರ, ಜೋಡಣೆ, ಅಳತೆ ಎಲ್ಲವೂ ಒಟ್ಟಿಗೆ ಹೋದವು. ಡೆನ್ಮಾರ್ಕಿನದೂ ಕೆಂಪು-ಬಿಳಿ, ಆಸ್ಟ್ರಿಯಾದ್ದೂ ಕೆಂಪು-ಬಿಳಿ. ಶಿಲುಬೆಯನ್ನು ತೆಗೆದುಹಾಕಿದ ಮೇಲೆ ಡೆನ್ಮಾರ್ಕಿನವರು ತಮ್ಮದು ಯಾವುದು ಅಂತ ಹುಡುಕಬೇಕಾಗುತ್ತದೆ.