‘ಅಕ್ಸೆಪ್ಟೆಡ್’ ಎಂದ ಮಾತ್ರಕ್ಕೆ ಲೆಕ್ಕ ಸರಿಯಾಯಿತೇ?

ನಮಸ್ಕಾರ. ಬೆಂಗಳೂರಿನ ಹೊರವರ್ತುಲ ರಸ್ತೆಯ ಎಷ್ಟೋ ಕಚೇರಿಗಳಲ್ಲಿ ಸಂಜೆ ಪಾಳಿಗೆ ಕೂರುವವರಿಗೆ ಚೆನ್ನಾಗಿ ಗೊತ್ತಿರುವ ಕೆಲಸವೊಂದರ ಬಗ್ಗೆ ಇವತ್ತು ಮಾತಾಡುತ್ತೇನೆ. ನ್ಯೂಯಾರ್ಕ್‌ನಲ್ಲಿ ಆದ ಸ್ವಾಪ್ ವ್ಯವಹಾರಗಳನ್ನು ಅಮೆರಿಕದ ಕಾನೂನು ಹೇಳಿದ ನಮೂನೆಯಲ್ಲಿ ಡೇಟಾ ರಿಪಾಸಿಟರಿಗೆ ಕಳಿಸುವ ಕೆಲಸ. ಸ್ವಾಪ್ ಎಂದರೆ ಬಡ್ಡಿ, ಕರೆನ್ಸಿ, ಸರಕಿನ ಬೆಲೆಯಂಥವು ಏರಿಳಿದಂತೆ ಒಬ್ಬರಿಗೊಬ್ಬರು ಹಣ ಕೊಡುವ ಒಪ್ಪಂದ. ರಿಪಾಸಿಟರಿ ಎಂದರೆ ಅಂಥ ಒಪ್ಪಂದಗಳ ದಾಖಲೆ ಇಡುವ ಭಂಡಾರ. ಫೈಲ್ ಹೋಗುತ್ತದೆ, ಉತ್ತರ ಬರುತ್ತದೆ: ಇಷ್ಟು ಅಕ್ಸೆಪ್ಟೆಡ್, ಇಷ್ಟು ರಿಜೆಕ್ಟೆಡ್. ರಿಜೆಕ್ಟ್ ಆದದ್ದನ್ನು ತಿದ್ದಿ ಮತ್ತೆ ಕಳಿಸುತ್ತಾರೆ. ಆ ಸಂಖ್ಯೆ ಸೊನ್ನೆಗೆ ಇಳಿದರೆ ಅವತ್ತಿನ ಕೆಲಸ ಮುಗಿಯಿತು.

ನನ್ನ ವಾದ ಇಷ್ಟೇ. ಆ ಸೊನ್ನೆಯನ್ನು ನಂಬಬೇಡಿ. ರಿಜೆಕ್ಟ್ ಆದ ತಪ್ಪು ಕಣ್ಣಿಗೆ ಕಾಣುವ ತಪ್ಪು, ಅದು ತಾನಾಗಿಯೇ ಬಂದು ಬಾಗಿಲು ತಟ್ಟುತ್ತದೆ. ಅಪಾಯ ಇರುವುದು ಅಕ್ಸೆಪ್ಟ್ ಆದ ತಪ್ಪಿನಲ್ಲಿ. ಅದಕ್ಕಿಂತ ದೊಡ್ಡ ಅಪಾಯ, ಕಳಿಸಲೇಬೇಕಿದ್ದು ಕಳಿಸದೇ ಉಳಿದದ್ದರಲ್ಲಿ.

ಈ ನಿಯಮ ಯಾಕೆ ಬಂತು ಎಂಬುದನ್ನು ಮೊದಲು ನೋಡೋಣ. 2008ರ ಸೆಪ್ಟೆಂಬರ್ 15ರಂದು ಅಮೆರಿಕದ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ದಿವಾಳಿ ಅರ್ಜಿ ಹಾಕಿತು. ಲೇಮನ್ ಮುಳುಗಿದರೆ ಹಣ ಕೊಡುತ್ತೇವೆಂದು ಬರೆದುಕೊಟ್ಟಿದ್ದ ಕ್ರೆಡಿಟ್ ಡಿಫಾಲ್ಟ್ ಸ್ವಾಪ್‌ಗಳ ಮೊತ್ತ 40,000 ಕೋಟಿ ಡಾಲರ್ ಇರಬಹುದು ಎಂದು ಮಾರುಕಟ್ಟೆಯಲ್ಲಿ ಸುದ್ದಿ ಹಬ್ಬಿತು. ಯಾರು ಯಾರಿಗೆ ಎಷ್ಟು ಕೊಡಬೇಕೆಂದು ಗೊತ್ತಿಲ್ಲದ ಬ್ಯಾಂಕುಗಳು ಒಂದನ್ನೊಂದು ನಂಬಲಿಲ್ಲ. ಕೊನೆಗೆ ಡಿಟಿಸಿಸಿ ಎಂಬ ಸಂಸ್ಥೆಯ ದಾಖಲೆಯಲ್ಲಿ ಸಿಕ್ಕಿದ್ದು ಸುಮಾರು 7,200 ಕೋಟಿ ಡಾಲರ್. ಪರಸ್ಪರ ಹೊಂದಾಣಿಕೆ ಮಾಡಿ ನೋಡಿದಾಗ ಅಕ್ಟೋಬರ್ 21ರಂದು ನಿಜವಾಗಿ ಕೈ ಬದಲಾದ ಹಣ ಸುಮಾರು 520 ಕೋಟಿ. ಒಂದು ಕಡೆ ಬರೆದಿಟ್ಟ ಲೆಕ್ಕ ಇದ್ದುದರಿಂದ ಆ ಗಾಳಿಸುದ್ದಿ ನಿಂತಿತು. ಇಂಥದೇ ಸ್ವಾಪ್‌ಗಳನ್ನು ಬರೆದುಕೊಟ್ಟಿದ್ದ ವಿಮಾ ಕಂಪನಿ ಎಐಜಿ ವಿಚಾರದಲ್ಲಿ ಹಾಗೆ ಎಲ್ಲರೂ ನೋಡಬಹುದಾದ ಲೆಕ್ಕ ಇರಲಿಲ್ಲ. ಲೇಮನ್ ಬಿದ್ದ ಮರುದಿನವೇ ಅದಕ್ಕೆ 8,500 ಕೋಟಿ ಡಾಲರ್ ಸಾಲ ಕೊಡಬೇಕಾಯಿತು.

2009ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಸೇರಿದ ಜಿ-20 ದೇಶಗಳು, ವಿನಿಮಯ ಕೇಂದ್ರದ ಹೊರಗೆ ನಡೆಯುವ ಪ್ರತಿ ಡೆರಿವೇಟಿವ್ ಒಪ್ಪಂದವೂ (ಸ್ವಾಪ್ ಅದರಲ್ಲೊಂದು ಬಗೆ) ರಿಪಾಸಿಟರಿಯಲ್ಲಿ ದಾಖಲಾಗಬೇಕು ಎಂದು ಒಪ್ಪಿದವು. ಅಮೆರಿಕದಲ್ಲಿ 2010ರ ಜುಲೈ 21ರಂದು ಡಾಡ್-ಫ್ರಾಂಕ್ ಕಾಯ್ದೆಗೆ ಸಹಿ ಬಿತ್ತು. ಅದರಡಿ ಸಿಎಫ್‌ಟಿಸಿ, ಅಂದರೆ ಅಲ್ಲಿನ ಫ್ಯೂಚರ್ಸ್ ಮತ್ತು ಸ್ವಾಪ್ ಮಾರುಕಟ್ಟೆಯ ನಿಯಂತ್ರಕ ಆಯೋಗ, ನಿಯಮ ಮಾಡಿತು. ಭಾಗ 43 ಬೆಲೆಯನ್ನು ಸಾರ್ವಜನಿಕರಿಗೆ ತಕ್ಷಣ ತೋರಿಸಲು. ಭಾಗ 45 ವ್ಯವಹಾರದ ಪೂರ್ಣ ವಿವರವನ್ನು ಆಯೋಗಕ್ಕೆ ಕೊಡಲು ಮತ್ತು ದಾಖಲೆ ಇಡಲು. ಈಗ ಜಾರಿಯಲ್ಲಿರುವ ಪರಿಷ್ಕೃತ ರೂಪಕ್ಕೆ 2022ರ ಡಿಸೆಂಬರ್ 5ರಿಂದ ಎಲ್ಲರೂ ಬದ್ಧರು. ಅದರಲ್ಲಿ 128 ಫೀಲ್ಡ್‌ಗಳಿವೆ. ಸ್ವಾಪ್ ಡೀಲರ್, ಅಂದರೆ ಸ್ವಾಪ್ ಮಾಡುವುದನ್ನೇ ವ್ಯಾಪಾರವಾಗಿಟ್ಟುಕೊಂಡ ಬ್ಯಾಂಕಿನಂಥವರು, ವ್ಯವಹಾರದ ಮರು ಕೆಲಸದ ದಿನದೊಳಗೆ ಕಳಿಸಬೇಕು. ವ್ಯವಹಾರದ ಒಂದು ಬದಿಯಲ್ಲೂ ಡೀಲರ್ ಇಲ್ಲದಿದ್ದರೆ ಎರಡು ದಿನ. ಭಾಗ 43ಕ್ಕೆ ಅಷ್ಟು ಸಮಯವೂ ಇಲ್ಲ, ತಂತ್ರಜ್ಞಾನಕ್ಕೆ ಸಾಧ್ಯವಿರುವಷ್ಟು ಬೇಗ ಹೋಗಬೇಕು.

ಈಗ ವಿಷಯಕ್ಕೆ ಬರೋಣ. ಅಕ್ಸೆಪ್ಟ್ ಮಾಡುವಾಗ ರಿಪಾಸಿಟರಿ ಏನನ್ನು ನೋಡುತ್ತದೆ? ಇರಬೇಕಾದ ಫೀಲ್ಡ್ ಇದೆಯೇ, ದಿನಾಂಕ ದಿನಾಂಕದಂತಿದೆಯೇ, ಕೋಡು ಪಟ್ಟಿಯಲ್ಲಿದೆಯೇ. ನಮ್ಮ ಸಬ್‌ರಿಜಿಸ್ಟ್ರಾರ್ ಕಚೇರಿಯನ್ನು ನೆನೆಸಿಕೊಳ್ಳಿ. ಕ್ರಯಪತ್ರ ನೋಂದಣಿ ಆಯಿತೆಂದರೆ ಮುದ್ರಾಂಕ ಶುಲ್ಕ ಕಟ್ಟಿದ್ದಾರೆ, ಸಹಿ ಮಾಡಿದವರು ಎದುರಿಗೆ ಬಂದಿದ್ದರು ಎಂದರ್ಥ. ಮಾರಿದವರಿಗೆ ಆ ಜಮೀನು ಮಾರುವ ಹಕ್ಕಿತ್ತೇ ಎಂದು ತಿಳಿಯಲು ಪಹಣಿ, ಮ್ಯುಟೇಷನ್, ಮೂಲಪತ್ರ ತೆಗೆಯಲೇಬೇಕು. ರಿಪಾಸಿಟರಿಯ ಅಕ್ಸೆಪ್ಟೆಡ್ ಕೂಡ ಅಷ್ಟೇ.

ಎಲ್‌ಇಐ ತೆಗೆದುಕೊಳ್ಳಿ. ಸಂಸ್ಥೆಯನ್ನು ಗುರುತಿಸುವ 20 ಅಕ್ಷರಗಳ ಸಂಖ್ಯೆ. ಕೊನೆಯ ಎರಡು ಅಂಕಿ ತಾಳೆ ನೋಡುವುದಕ್ಕೇ ಇವೆ, ಟೈಪ್ ಮಾಡುವಾಗ ಒಂದು ಅಕ್ಷರ ತಪ್ಪಿದರೆ ಸಿಕ್ಕಿಬೀಳುತ್ತದೆ. ಆದರೆ ಫಂಡ್‌ನ ಎಲ್‌ಇಐ ಹಾಕಬೇಕಾದ ಕಡೆ ಆ ಫಂಡ್ ನಡೆಸುವ ಅಸೆಟ್ ಮ್ಯಾನೇಜರ್‌ನ ಎಲ್‌ಇಐ ಹಾಕಿದರೆ? ಎರಡೂ ಸರಿಯಾದ ಸಂಖ್ಯೆಗಳೇ. ಅಕ್ಸೆಪ್ಟ್ ಆಗುತ್ತದೆ. ಮ್ಯಾನೇಜರ್ ಒಟ್ಟಿಗೆ ದೊಡ್ಡ ವ್ಯವಹಾರ ಮಾಡಿ ಆಮೇಲೆ ಹತ್ತು ಫಂಡ್‌ಗಳಿಗೆ ಹಂಚುವಾಗ ಇದು ಪದೇ ಪದೇ ಆಗುತ್ತದೆ. ಹಂಚಿಕೆಯ ಸಂದೇಶ ಹೋಗದಿದ್ದರೆ, ನಷ್ಟದ ಹೊರೆ ಯಾರ ಮೇಲಿದೆ ಎಂದು ಕೇಳಿದ ನಿಯಂತ್ರಕನಿಗೆ ತಪ್ಪು ಹೆಸರು ಸಿಗುತ್ತದೆ. ಯಾರ ಹೊರೆ ಎಂದು ತಿಳಿಯಲೆಂದೇ ಅಲ್ಲವೇ ಇಷ್ಟೆಲ್ಲ ವ್ಯವಸ್ಥೆ ಮಾಡಿದ್ದು?

ಇನ್ನು ಮೊತ್ತ. ಡಾಲರ್-ರೂಪಾಯಿ ಎನ್‌ಡಿಎಫ್ (ಎರಡು ಕರೆನ್ಸಿ ಕೈ ಬದಲಾಗದೆ, ದರದ ವ್ಯತ್ಯಾಸವನ್ನಷ್ಟೇ ಕೊಡುವ ಮುಂಗಡ ಒಪ್ಪಂದ) ಒಂದಿದೆ ಎನ್ನಿ: 1 ಕೋಟಿ ಡಾಲರ್, ದರ 83, ಹಾಗಾಗಿ ಇನ್ನೊಂದು ಬದಿ 83 ಕೋಟಿ ರೂಪಾಯಿ. ಎರಡು ಬದಿಯ ಕರೆನ್ಸಿ ಅದಲುಬದಲಾದರೆ 83 ಕೋಟಿ ಡಾಲರ್ ಎಂದು ದಾಖಲಾಗುತ್ತದೆ. ನಮೂನೆಯಲ್ಲಿ ಯಾವ ದೋಷವೂ ಕಾಣುವುದಿಲ್ಲ. ಬಡ್ಡಿ ದರ 4.25% ಇದ್ದರೆ 0.0425 ಎಂದು ಬರೆಯಬೇಕು. 4.25 ಎಂದೇ ಬರೆದರೆ ಅದು ಶೇಕಡಾ 425. ನೈಸರ್ಗಿಕ ಅನಿಲದ ಸ್ವಾಪ್‌ನಲ್ಲಿ ದಿನಕ್ಕೆ 10,000 ಎಂಎಂಬಿಟಿಯು (ಅನಿಲವನ್ನು ಅಳೆಯುವ ಮಾನ), ಅವಧಿ 31 ದಿನ ಎಂದರೆ ಒಟ್ಟು 3,10,000. ಒಟ್ಟು ಎಂಬ ಫೀಲ್ಡ್‌ಗೆ ದಿನದ ಪ್ರಮಾಣ ಹೋದರೆ ಮೂವತ್ತೊಂದರಲ್ಲಿ ಒಂದು ಪಾಲು ಮಾತ್ರ ಕಾಣುತ್ತದೆ.

ಸಮಯದ ತಪ್ಪು ಬೇರೆ ಥರದ್ದು. ಸಮಯವನ್ನು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ, ಕೊಡಬೇಕು. ನ್ಯೂಯಾರ್ಕ್‌ನಲ್ಲಿ ಬೇಸಿಗೆಯ ಬೆಳಗ್ಗೆ 10 ಗಂಟೆ ಎಂದರೆ ಯುಟಿಸಿ 14 ಗಂಟೆ. ಸ್ಥಳೀಯ ಸಮಯವನ್ನೇ ಯುಟಿಸಿ ಎಂದು ಕಳಿಸಿದರೆ ತಕ್ಷಣ ಹೋದ ರಿಪೋರ್ಟ್ ಕೂಡ ನಾಲ್ಕು ಗಂಟೆ ತಡವಾಗಿ ಬಂದಂತೆ ಕಾಣುತ್ತದೆ. ಅಲ್ಲಿ ಗಡಿಯಾರ ತಿರುಗಿಸುವುದು ಮಾರ್ಚ್‌ನ ಎರಡನೇ ಭಾನುವಾರ ಮತ್ತು ನವೆಂಬರ್‌ನ ಮೊದಲ ಭಾನುವಾರ. ಆ ಎರಡು ಸೋಮವಾರಗಳ ಫೈಲನ್ನು ಕೈಯಾರೆ ತೆಗೆದು ನೋಡಿ. ನಮ್ಮಲ್ಲಿ ಗಡಿಯಾರ ಬದಲಾಗುವುದಿಲ್ಲವಾದ್ದರಿಂದ ಇಲ್ಲಿ ಕೂತವರಿಗೆ ಇದು ಬೇಗ ಮರೆತುಹೋಗುತ್ತದೆ.

ಇವೆಲ್ಲ ಅಕ್ಸೆಪ್ಟ್ ಆದ ತಪ್ಪುಗಳು. ಕಳಿಸದೇ ಉಳಿದವುಗಳದ್ದು ಇನ್ನೂ ಕಷ್ಟ. ಪ್ರತಿ ಬ್ಯಾಂಕಿನ ರಿಪೋರ್ಟಿಂಗ್ ವ್ಯವಸ್ಥೆಯ ಮುಂದೆ ಒಂದು ಜರಡಿ ಇರುತ್ತದೆ. ಈ ವ್ಯವಹಾರ ಅಮೆರಿಕದ ನಿಯಮಕ್ಕೆ ಒಳಪಡುತ್ತದೆಯೇ, ವರದಿ ಮಾಡಬೇಕಾದವರು ನಾವೋ ಎದುರು ಪಕ್ಷದವರೋ, ಇದು ಸ್ವಾಪ್ ಹೌದೇ. ಈ ಪ್ರಶ್ನೆಗಳಿಗೆ ಉತ್ತರ ಬರುವುದು ಗ್ರಾಹಕರ ಮಾಸ್ಟರ್ ಡೇಟಾದಿಂದ, ಅಂದರೆ ಪ್ರತಿ ಗ್ರಾಹಕನ ಬಗ್ಗೆ ಬ್ಯಾಂಕು ಬರೆದಿಟ್ಟ ಮೂಲ ವಿವರದಿಂದ. ಗ್ರಾಹಕ ಸಂಸ್ಥೆ ಅಮೆರಿಕದ್ದಲ್ಲ ಎಂದು ಐದು ವರ್ಷದ ಹಿಂದೆ ಯಾರೋ ತಪ್ಪಾಗಿ ಟಿಕ್ ಹಾಕಿದ್ದರೆ, ಆ ಗ್ರಾಹಕನ ಒಂದು ವ್ಯವಹಾರವೂ ಹೊರಗೆ ಹೋಗುವುದಿಲ್ಲ. ಹೋಗದ್ದಕ್ಕೆ ರಿಜೆಕ್ಷನ್ ಬರುವುದಿಲ್ಲ. ಡ್ಯಾಶ್‌ಬೋರ್ಡ್ ಪೂರ್ತಿ ಹಸಿರು.

ಇದಕ್ಕೆ ತದ್ವಿರುದ್ಧ ದಿಕ್ಕಿನದ್ದು, ಸತ್ತ ಮೇಲೂ ಬದುಕಿರುವ ಸ್ವಾಪ್‌ಗಳು. ಒಂದು ಸ್ವಾಪ್ ಕ್ಲಿಯರಿಂಗ್‌ಗೆ, ಅಂದರೆ ಎರಡೂ ಕಡೆಯವರಿಗೆ ಹಣದ ಖಾತರಿ ಕೊಡುವ ಮಧ್ಯದ ಸಂಸ್ಥೆಗೆ, ಹೋದಾಗ ಮೂಲ ಒಪ್ಪಂದ ಅಲ್ಲಿಗೆ ಕೊನೆಯಾಗಿ, ಕ್ಲಿಯರಿಂಗ್ ಸಂಸ್ಥೆಯನ್ನು ನಡುವೆ ಇಟ್ಟುಕೊಂಡು ಎರಡು ಹೊಸ ಸ್ವಾಪ್ ಹುಟ್ಟುತ್ತವೆ. ಮೂಲದ್ದನ್ನು ಆಲ್ಫಾ, ಹೊಸ ಎರಡನ್ನು ಬೀಟಾ, ಗಾಮಾ ಎನ್ನುತ್ತಾರೆ. ಆಲ್ಫಾ ಮುಗಿಯಿತೆಂದು ಕ್ಲಿಯರಿಂಗ್ ಸಂಸ್ಥೆ ಆಲ್ಫಾ ಇರುವ ರಿಪಾಸಿಟರಿಗೆ ತಿಳಿಸಬೇಕು. ಯುಟಿಐ, ಅಂದರೆ ವ್ಯವಹಾರದ ಗುರುತು ಸಂಖ್ಯೆ, ಎರಡು ಕಡೆ ಒಂದೇ ಇಲ್ಲದಿದ್ದರೆ ಆ ಸಂದೇಶಕ್ಕೆ ಜೋಡಿ ಸಿಗದೆ ಆಲ್ಫಾ ಹಾಗೇ ತೆರೆದಿರುತ್ತದೆ. ಒಂದೇ ಹೊಣೆಗಾರಿಕೆ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ನೊವೇಷನ್ (ಒಪ್ಪಂದದ ಒಂದು ಪಕ್ಷದ ಜಾಗಕ್ಕೆ ಬೇರೆಯವರು ಬರುವುದು), ಕಂಪ್ರೆಷನ್‌ಗಳಲ್ಲೂ (ಹಲವು ಸ್ವಾಪ್‌ಗಳನ್ನು ಕಳೆದು ಕಡಿಮೆ ಮಾಡುವುದು) ಇದೇ ಕಥೆ.

ಅದಕ್ಕೇ ಹೇಳುವುದು, ಸಂಖ್ಯೆ ತಾಳೆಯಾದರೆ ಸಾಲದು. ನಿಮ್ಮ ಪುಸ್ತಕದಲ್ಲಿ 10,000, ರಿಪಾಸಿಟರಿಯಲ್ಲೂ 10,000 ಇರಬಹುದು. ಅದರಲ್ಲಿ 40 ಕಳಿಸದವು, 40 ಮುಗಿದುಹೋದವು ಇದ್ದರೂ ಮೊತ್ತ ಅಷ್ಟೇ ಬರುತ್ತದೆ. ಒಂದೊಂದು ಯುಟಿಐಯನ್ನೂ ಎರಡು ದಿಕ್ಕಿನಿಂದ ಹುಡುಕಬೇಕು, ಸಿಕ್ಕ ಮೇಲೆ ಫೀಲ್ಡ್‌ಗಳನ್ನು ಹೋಲಿಸಬೇಕು.

ಇದನ್ನೇ ನಿಯಮವೂ ಕೇಳುತ್ತದೆ. ಡೀಲರ್‌ಗಳು 30 ದಿನಕ್ಕೊಮ್ಮೆ, ಉಳಿದ ವರದಿದಾರರು ಮೂರು ತಿಂಗಳಿಗೊಮ್ಮೆ, ರಿಪಾಸಿಟರಿಯಲ್ಲಿರುವ ತಮ್ಮ ತೆರೆದ ಸ್ವಾಪ್‌ಗಳನ್ನು ತಮ್ಮ ಪುಸ್ತಕದ ಜೊತೆ ಹೋಲಿಸಬೇಕು. ತಪ್ಪು ಕಂಡರೆ ಏಳು ಕೆಲಸದ ದಿನದೊಳಗೆ ತಿದ್ದಬೇಕು. ಅವಧಿ ಮುಗಿದ ಸ್ವಾಪ್ ಆದರೂ, ದಾಖಲೆ ಇಡಬೇಕಾದ ಕಾಲ ಮುಗಿಯುವವರೆಗೆ ತಿದ್ದುವ ಹೊಣೆ ತಪ್ಪುವುದಿಲ್ಲ. ಇಲ್ಲಿ ಆಗುವ ದೊಡ್ಡ ಎಡವಟ್ಟು ಯಾವುದೆಂದರೆ, ಹೋಲಿಕೆಯನ್ನು ರಿಪೋರ್ಟಿಂಗ್ ವ್ಯವಸ್ಥೆಯ ಡೇಟಾಬೇಸ್ ಜೊತೆ ಮಾಡುವುದು. ಕಳಿಸಿದ್ದೇ ಅಲ್ಲಿಂದ. ನಕಲಿಗೆ ನಕಲು ಹೊಂದುವುದರಲ್ಲಿ ಆಶ್ಚರ್ಯವೇನು? ಟ್ರೇಡರ್ ಬುಕ್ ಮಾಡಿದ ಮೂಲ ವ್ಯವಸ್ಥೆಯಿಂದ, ಜರಡಿಗೆ ಬೀಳುವ ಮೊದಲಿನ ಪಟ್ಟಿಯನ್ನೇ ತರಿಸಿಕೊಳ್ಳಿ.

ತಿದ್ದುವಾಗಲೂ ಎಚ್ಚರ ಬೇಕು. ಇಬ್ಬರೂ ಒಪ್ಪಿ ಷರತ್ತು ಬದಲಿಸಿದರೆ ಅದು ಮಾಡಿಫೈ. ಮೊದಲೇ ತಪ್ಪಾಗಿ ಕಳಿಸಿದ್ದರೆ ಅದು ಕರೆಕ್ಟ್. ಅವಧಿಗೆ ಮುಂಚೆ ಮುಗಿಸಿದರೆ ಟರ್ಮಿನೇಟ್. ವ್ಯವಹಾರವೇ ಆಗಿರಲಿಲ್ಲ ಎಂದಾಗ ಎರರ್. ನಿಜವಾಗಿ ನಡೆದು ಮುಗಿದ ಸ್ವಾಪ್‌ಗೆ ಎರರ್ ಹಾಕಿದರೆ ಅದು ನಡೆದೇ ಇಲ್ಲ ಎಂದು ಸರ್ಕಾರಕ್ಕೆ ಹೇಳಿದಂತಾಗುತ್ತದೆ.

ಇದು ಅತಿ ಜಾಗ್ರತೆ ಎನ್ನುವವರಿಗೆ ಸಾರ್ವಜನಿಕ ದಾಖಲೆಯನ್ನೇ ತೋರಿಸುತ್ತೇನೆ. 2023ರ ಸೆಪ್ಟೆಂಬರ್‌ನಲ್ಲಿ ಸ್ವಾಪ್ ರಿಪೋರ್ಟಿಂಗ್ ಲೋಪ ಮತ್ತಿತರ ಉಲ್ಲಂಘನೆಗಳಿಗೆ ಸಿಎಫ್‌ಟಿಸಿ ಒಂದೇ ದಿನ ಗೋಲ್ಡ್‌ಮನ್ ಸ್ಯಾಕ್ಸ್‌ಗೆ 3 ಕೋಟಿ, ಜೆಪಿ ಮಾರ್ಗನ್‌ಗೆ 1.5 ಕೋಟಿ, ಬ್ಯಾಂಕ್ ಆಫ್ ಅಮೆರಿಕಕ್ಕೆ 80 ಲಕ್ಷ ಡಾಲರ್ ದಂಡ ವಿಧಿಸಿತು. 2024ರ ಮೇ ತಿಂಗಳಲ್ಲಿ ಜೆಪಿ ಮಾರ್ಗನ್ ಮೇಲೆ ಬಂದ ಆದೇಶ ವರದಿಯದ್ದಲ್ಲ, ಕಣ್ಗಾವಲಿನದ್ದು, ಆದರೂ ಪಾಠ ಇದೇ. ಶತಕೋಟಿಗಟ್ಟಲೆ ಆರ್ಡರ್ ಸಂದೇಶಗಳು ಕಣ್ಗಾವಲು ವ್ಯವಸ್ಥೆಗೆ ಸೇರಿರಲೇ ಇಲ್ಲ. ವಿನಿಮಯ ಕೇಂದ್ರದಿಂದ ನೇರ ಬರುವ ಡೇಟಾ ಎಂದು ನಂಬಿ ತಾಳೆ ನೋಡಿರಲಿಲ್ಲ.

ದಾಖಲೆ ಇಡುವ ಅವಧಿಯ ಬಗ್ಗೆಯೂ ಒಂದು ಮಾತು. ಸ್ವಾಪ್ ಇರುವಷ್ಟು ಕಾಲ, ಮುಗಿದ ಮೇಲೆ ಐದು ವರ್ಷ. 30 ವರ್ಷದ ಬಡ್ಡಿ ಸ್ವಾಪ್ ಎಂದರೆ 35 ವರ್ಷ. ಅಷ್ಟರಲ್ಲಿ ಸಾಫ್ಟ್‌ವೇರ್ ನಾಲ್ಕಾರು ಸಲ ಬದಲಾಗುತ್ತದೆ. ಹಳೆಯ ವ್ಯವಸ್ಥೆ ಮುಚ್ಚುವ ಪ್ರಾಜೆಕ್ಟ್ ನಿಮ್ಮ ತಂಡಕ್ಕೆ ಬಂದರೆ, ಹಳೆಯ ಟ್ರೇಡ್ ಸಂಖ್ಯೆಗೂ ಯುಟಿಐಗೂ ಇರುವ ಕೊಂಡಿಯ ಪಟ್ಟಿಯನ್ನು ಮೊದಲು ಉಳಿಸಿ. ಆ ಪಟ್ಟಿ ಹೋದರೆ ದಾಖಲೆ ಇದ್ದೂ ಇಲ್ಲದಂತೆ. ಇನ್ನು ದಾಖಲೆಯೇ ಉಳಿಯದಂತೆ ಸ್ವಂತ ಫೋನಿನ ವಾಟ್ಸಾಪ್‌ನಂಥ ಕಡೆ ವ್ಯವಹಾರ ಮಾತಾಡುವ ಅಭ್ಯಾಸಕ್ಕೆ 2022ರ ಸೆಪ್ಟೆಂಬರ್‌ನಲ್ಲಿ ಸಿಎಫ್‌ಟಿಸಿಯೊಂದೇ 11 ಸಂಸ್ಥೆಗಳಿಂದ 71 ಕೋಟಿ ಡಾಲರ್‌ಗೂ ಹೆಚ್ಚು ದಂಡ ಕಟ್ಟಿಸಿತು. ಅದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ.

ಅಮೆರಿಕದ ನಿಯಮದ ಮೇಲೆ ನನಗಿರುವ ಆಕ್ಷೇಪ ಒಂದೇ. ವರದಿ ಮಾಡುವವರು ಒಬ್ಬರೇ. ಯುರೋಪಿನಲ್ಲಿ ಸಾಮಾನ್ಯವಾಗಿ ಎರಡೂ ಪಕ್ಷದವರು ಕಳಿಸಬೇಕು, ರಿಪಾಸಿಟರಿಗಳು ಎರಡನ್ನೂ ಜೋಡಿಸಿ ನೋಡುತ್ತವೆ. 2024ರ ಏಪ್ರಿಲ್ 29ರಿಂದ ಅಲ್ಲಿ 203 ಫೀಲ್ಡ್. ಅದರ ಕೆಲಸ, ಖರ್ಚು ಎರಡೂ ಹೆಚ್ಚು, ಸಣ್ಣ ಕಂಪನಿಗಳಿಗೆ ಭಾರ, ನಿಜ. ಆದರೆ 83 ಕೋಟಿ ಡಾಲರ್‌ನಂಥ ತಪ್ಪು ಅಲ್ಲಿ ಎದುರು ಪಕ್ಷದ ವರದಿಗೆ ತಗುಲಿ ಹೊರಬೀಳುವ ಸಾಧ್ಯತೆಯಾದರೂ ಇದೆ. ಅಮೆರಿಕದಲ್ಲಿ ಆ ಎರಡನೇ ಕಣ್ಣು ವರದಿ ಮಾಡುವ ಸಂಸ್ಥೆಯೊಳಗೇ ಇರಬೇಕು.

ಆ ಕಣ್ಣು ಈಗ ಹೆಚ್ಚಾಗಿ ಬೆಂಗಳೂರಿನಲ್ಲಿದೆ. ಹಾಗಾಗಿ ತಂಡ ನಡೆಸುವವರಿಗೆ ಒಂದು ಕೋರಿಕೆ. ಡ್ಯಾಶ್‌ಬೋರ್ಡ್‌ನಲ್ಲಿ ರಿಜೆಕ್ಷನ್ ಸಂಖ್ಯೆಯ ಪಕ್ಕ ಇನ್ನೊಂದು ಸಂಖ್ಯೆ ಇಡಿ: ಇವತ್ತು ಜರಡಿ ತಡೆದು ವರದಿಯಾಗದೆ ಉಳಿದ ವ್ಯವಹಾರಗಳೆಷ್ಟು, ಯಾವ ಕಾರಣಕ್ಕೆ ಎಷ್ಟು. ಕಾರಣವೊಂದಕ್ಕೆ ಇಪ್ಪತ್ತೈದರಂತೆ ಪ್ರತಿ ತಿಂಗಳು ತೆಗೆದು ಒಪ್ಪಂದದ ಕನ್‌ಫರ್ಮೇಷನ್ (ಎರಡೂ ಕಡೆಯವರು ಒಪ್ಪಿದ ಷರತ್ತುಗಳ ಪತ್ರ) ಜೊತೆ ಕೂತು ಓದಿಸಿ. ಓದಿದವರಿಗೆ ಅನುಮಾನ ಬಂದರೆ ನ್ಯೂಯಾರ್ಕ್‌ನ ಟ್ರೇಡಿಂಗ್ ಡೆಸ್ಕ್‌ಗೆ ನೇರ ಫೋನ್ ಮಾಡುವ ಅಧಿಕಾರ ಕೊಡಿ. ಮೊದಲ ತಿಂಗಳು ‘ಅಮೆರಿಕದವರಲ್ಲ’ ಎಂಬ ಕಾರಣದಿಂದಲೇ ಶುರುಮಾಡಿ, ಅದರಲ್ಲೂ ವಿಳಾಸ ಅಮೆರಿಕದ್ದೇ ರಾಜ್ಯವಾದ ಡೆಲವೇರ್ ಎಂದಿರುವ ಗ್ರಾಹಕರನ್ನು ಮೊದಲು ತೆಗೆಯಿರಿ.