ವೈನ್ ಕೂಲರಿನಲ್ಲಿ ಸಿಗಾರ್ ಇಟ್ಟರೆ ಒಳಗಿನ ನೀರು ಎಲ್ಲಿಗೆ ಹೋಗುತ್ತದೆ?

ನಮಸ್ಕಾರ. ಟೆಕ್ಸಸ್‌ನಲ್ಲಿರುವ ನಮ್ಮ ವೀಕ್ಷಕರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಹಳೆಯ ವೈನ್ ಕೂಲರನ್ನೇ, ಅಂದರೆ ವೈನ್ ಬಾಟಲಿ ತಂಪಾಗಿಡುವ ಸಣ್ಣ ಫ್ರಿಜ್ಜನ್ನೇ, ಸಿಗಾರ್ ಇಡುವ ಪೆಟ್ಟಿಗೆ ಮಾಡಿಕೊಂಡಿದ್ದಾರಂತೆ. ಒಳಗಿಟ್ಟ ತೇವಾಂಶದ ಮೀಟರ್ ಒಮ್ಮೆ 58 ತೋರಿಸುತ್ತದೆ, ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ 72. ಇಡೀ ದಿನ ಇದೇ ಏರಿಳಿತ. "ನೀರು ತುಂಬಿಸಿ ತುಂಬಿಸಿ ಸಾಕಾಯಿತು ಸರ್, ಅದೆಲ್ಲ ಹೋಗುವುದಾದರೂ ಎಲ್ಲಿಗೆ?" ಅಂತ ಕೇಳಿದ್ದಾರೆ.

ಈ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಶುರು ಮಾಡುವ ಮುಂಚೆ ಒಂದು ಮಾತು. ತಂಬಾಕಿನಿಂದ ಕ್ಯಾನ್ಸರ್ ಬರುತ್ತದೆ, ಸಿಗಾರ್ ಕೂಡ ಅದಕ್ಕೆ ಹೊರತಲ್ಲ. ಸೇದಿ ಅಂತ ನಾನು ಯಾರಿಗೂ ಹೇಳುತ್ತಿಲ್ಲ. ನನ್ನ ಕುತೂಹಲ ಇರುವುದು ಆ ಪೆಟ್ಟಿಗೆಯೊಳಗೆ ನಡೆಯುವ ನೀರಿನ ಓಡಾಟದ ಬಗ್ಗೆ.

ಮೂಲ ವಿಷಯ ಬೇಗ ಮುಗಿಸೋಣ. ಸಿಗಾರ್ ಅಂದರೆ ಪೂರ್ತಿ ಎಲೆ. ಒಣಗಿದರೆ ಹೊರಗಿನ ಎಲೆ ಬಿರಿಯುತ್ತದೆ, ತೇವ ಜಾಸ್ತಿಯಾದರೆ ಬೂಸ್ಟು ಹಿಡಿಯುತ್ತದೆ. ಹಾಗಾಗಿ 65ರಿಂದ 70 ಪರ್ಸೆಂಟ್ ತೇವಾಂಶ, 18ರಿಂದ 21 ಡಿಗ್ರಿ ಸೆಲ್ಸಿಯಸ್ ಬೇಕು. ಅಮೆರಿಕದಲ್ಲಿ 70–70 ಅನ್ನುವ ಹಳೆಯ ಲೆಕ್ಕವಿದೆ: 70 ಡಿಗ್ರಿ ಫ್ಯಾರನ್‌ಹೀಟ್, 70 ಪರ್ಸೆಂಟ್ ತೇವ. ಕೂಲರಿಗೆ ಆ 70 ಪರ್ಸೆಂಟ್ ಜಾಸ್ತಿಯಾಯಿತು ಅನ್ನುವುದು ನನ್ನ ಅಭಿಪ್ರಾಯ. ಯಾವುದೋ ಒಂದು ಮೂಲೆ ಉಳಿದ ಕಡೆಗಿಂತ ತಣ್ಣಗಿರುತ್ತದೆ, ಅಲ್ಲಿ ತೇವಾಂಶ ಇನ್ನೂ ಮೇಲಿರುತ್ತದೆ. 65 ಇಟ್ಟುಕೊಂಡರೆ ಬೂಸ್ಟಿನಿಂದ ಸ್ವಲ್ಪ ದೂರ ಇರಬಹುದು.

ಈಗ ಯಂತ್ರ. ವೈನ್ ಕೂಲರಿನಲ್ಲಿ ಎರಡು ಬಗೆ. ಒಂದು ಕಂಪ್ರೆಸರ್ ಇರುವುದು, ನಮ್ಮ ಮನೆಯ ಫ್ರಿಜ್ ಕೆಲಸ ಮಾಡುವ ರೀತಿ. ಇನ್ನೊಂದು ಪೆಲ್ಟಿಯೇ ಬಗೆ. ಎರಡು ಬೇರೆ ಬೇರೆ ಲೋಹ ಸೇರುವ ಜಾಗದಲ್ಲಿ ಕರೆಂಟ್ ಹರಿಸಿದರೆ ಒಂದು ಕಡೆ ತಣ್ಣಗಾಗುತ್ತದೆ, ಇನ್ನೊಂದು ಕಡೆ ಬಿಸಿಯಾಗುತ್ತದೆ. ಫ್ರಾನ್ಸಿನ ಪೆಲ್ಟಿಯೇ ಇದನ್ನು ಕಂಡುಹಿಡಿದದ್ದು 1834ರಲ್ಲಿ. ಸಿಗಾರ್ ಇಡುವವರು ಹುಡುಕುವುದು ಈ ಎರಡನೆಯದನ್ನೇ. ಕಂಪ್ರೆಸರ್ ಒಂದೇ ಸಲ ಜೋರಾಗಿ ತಂಪು ಮಾಡಿ ಗಾಳಿಯನ್ನು ಬೇಗ ಒಣಗಿಸಿಬಿಡುತ್ತದೆ. ಪೆಲ್ಟಿಯೇ ಸೌಮ್ಯ. ಆದರೆ ಅದೂ ನೀರು ಕದಿಯುತ್ತದೆ.

(ಪರದೆಯಲ್ಲಿ: ಕೂಲರಿನ ಒಳಗೋಡೆ, ಫ್ಯಾನ್ ಹಿಂದಿನ ಅಲ್ಯೂಮಿನಿಯಂ ರೆಕ್ಕೆಗಳು, ಹತ್ತಿರದಿಂದ)

ಪೆಲ್ಟಿಯೇಯ ತಣ್ಣನೆಯ ಕಡೆಗೆ ಅಂಟಿಕೊಂಡಿರುವ ಈ ಲೋಹದ ರೆಕ್ಕೆಗಳನ್ನು ನೋಡಿ. ಸಾಲಾಗಿ ಹನಿಗಳು ಕೂತಿವೆ. ಎರಡು ಹನಿ ಸೇರಿ ದಪ್ಪಗಾಗಿ ಜಾರುತ್ತಿದೆ, ಕೆಳಗಿನ ತೋಡಿಗೆ ಬೀಳುತ್ತಿದೆ. ತೋಡಿನ ಕೊನೆಯಲ್ಲಿ ಒಂದು ತೂತು. ಅಲ್ಲಿಂದ ಪೈಪಿನಲ್ಲಿ ಕೂಲರಿನ ಹಿಂಬದಿಗೆ. ವೀಕ್ಷಕರು ಕೇಳಿದ ನೀರು ಹೋಗುತ್ತಿರುವುದು ಇಲ್ಲಿಂದ.

ಯಾಕೆ ಹೀಗೆ? 20 ಡಿಗ್ರಿಯಲ್ಲಿ 65 ಪರ್ಸೆಂಟ್ ತೇವ ಇರುವ ಗಾಳಿ 13 ಡಿಗ್ರಿ ಹತ್ತಿರದ ಲೋಹ ಮುಟ್ಟಿದರೆ ಸಾಕು, ನೀರು ಬಿಡಲು ಶುರು ಮಾಡುತ್ತದೆ. ರೆಕ್ಕೆ ಅದಕ್ಕಿಂತ ತಣ್ಣಗಿದ್ದಷ್ಟೂ ನೀರು ಬೇಗ ಕಟ್ಟುತ್ತದೆ.

ನನಗೆ ನಿಜವಾಗಿ ಅಚ್ಚರಿ ತಂದ ಲೆಕ್ಕ ಈಗ ಬರುತ್ತದೆ. ಸ್ವಲ್ಪ ನಿಧಾನವಾಗಿ ನೋಡೋಣ.

20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂ ಚಿಲ್ಲರೆ ನೀರು ಹಿಡಿಯುತ್ತದೆ. ಅದರಲ್ಲಿ 65 ಪರ್ಸೆಂಟ್ ಅಂದರೆ ಸುಮಾರು 11 ಗ್ರಾಂ. ನಮ್ಮ ಕೂಲರ್ 80 ಲೀಟರಿನದು ಅಂದುಕೊಳ್ಳಿ. ಹಾಗಾದರೆ ಅದರೊಳಗಿನ ಇಡೀ ಗಾಳಿಯಲ್ಲಿರುವ ನೀರು ಎಷ್ಟು? ಒಂದು ಗ್ರಾಂ ಕೂಡ ಇಲ್ಲ! ಟೀ ಚಮಚದ ಐದನೇ ಒಂದು ಭಾಗಕ್ಕಿಂತ ಕಡಿಮೆ.

ಈಗ ಒಂದೇ ಒಂದು ಸಿಗಾರ್ ಕೈಗೆ ತೆಗೆದುಕೊಳ್ಳಿ. ಸುಮಾರು 10 ಗ್ರಾಂ ತೂಕ. ಸರಿಯಾಗಿ ಇಟ್ಟ ತಂಬಾಕಿನ ತೂಕದಲ್ಲಿ ಹೆಚ್ಚುಕಡಿಮೆ 12–13 ಪರ್ಸೆಂಟ್ ನೀರೇ ಇರುತ್ತದೆ. ಅಂದರೆ ಒಂದು ಸಿಗಾರಿನಲ್ಲೇ ಒಂದು ಗ್ರಾಂ ದಾಟಿತು. ಇಡೀ ಕೂಲರಿನ ಗಾಳಿಗಿಂತ ಒಂದು ಸಿಗಾರಿನಲ್ಲಿ ನೀರು ಜಾಸ್ತಿ! ಒಳಗೆ ನೂರು ಸಿಗಾರ್ ಇದ್ದರೆ ನೂರು ಗ್ರಾಂಗೂ ಮೀರಿದ ನೀರು ಎಲೆಯಲ್ಲೇ ಕೂತಿದೆ.

ಹಾಗಾಗಿ ಗಾಳಿ ಇಲ್ಲಿ ಬರೀ ಸಾಗಿಸುವ ಗಾಡಿ, ಗೋದಾಮು ಇರುವುದು ತಂಬಾಕಿನಲ್ಲಿ. ಗಾಡಿ ಒಂದು ಸಲಕ್ಕೆ ಹೊರುವುದು ತೀರಾ ಕಮ್ಮಿ, ಆದರೆ ಹಗಲೂ ರಾತ್ರಿ ಓಡುತ್ತದೆ. ಎಲೆಯಿಂದ ನೀರು ಎತ್ತುತ್ತದೆ, ತಣ್ಣನೆಯ ರೆಕ್ಕೆಗೆ ಇಳಿಸುತ್ತದೆ, ಮತ್ತೆ ಎಲೆಯ ಹತ್ತಿರ ಬರುತ್ತದೆ. ನಮ್ಮ ಮೀಟರ್ ನೋಡುವುದು ಗಾಡಿಯನ್ನು ಮಾತ್ರ. ಪೆಲ್ಟಿಯೇ ಆನ್ ಆದಾಗ ಗಾಳಿ ಒಣಗಿ 58. ಆಫ್ ಆದಾಗ ರೆಕ್ಕೆಯ ಮೇಲಿನ ಹನಿ ಆವಿಯಾಗಿ 72. ಅಷ್ಟು ಹೊತ್ತಿನಲ್ಲಿ ಸಿಗಾರಿನ ಒಳಗೆ ಏನೂ ಆಗಿರುವುದಿಲ್ಲ. ಅದರ ನಡುಭಾಗಕ್ಕೆ ಸುದ್ದಿ ಮುಟ್ಟಲು ದಿನಗಟ್ಟಲೆ ಬೇಕು.

ಅಂದಮೇಲೆ ಗಂಟೆ ಗಂಟೆಗೂ ಏರಿಳಿಯುವ ಅಂಕಿ ನೋಡಿ ಗಾಬರಿ ಬೇಡ. ಬಾಗಿಲು ತೆಗೆದರೆ ಎಲ್ಲ ಹಾಳು ಅನ್ನುವ ಭಯವೂ ಬೇಡ, ಪೂರ್ತಿ ಗಾಳಿ ಆಚೆ ಹೋದರೂ ಹೋಗುವುದು ಒಂದು ಗ್ರಾಂ ಒಳಗೆ. ತಲೆ ಕೆಡಿಸಿಕೊಳ್ಳಬೇಕಾದ್ದು ಆ ಡ್ರೈನ್ ತೂತಿನ ಬಗ್ಗೆ. ಅದನ್ನು ರಬ್ಬರ್ ಬಿರಡೆ ಹಾಕಿ ಮುಚ್ಚಿ. ಹನಿ ಬೀಳುವ ಕಡೆ ಒಂದು ತಟ್ಟೆ ಇಟ್ಟು, ಅದರಲ್ಲಿ ಸಿಲಿಕಾ ಹರಳು ಹಾಕಿ. ಬಿದ್ದ ನೀರನ್ನು ಹರಳು ಹೀರಿಕೊಂಡು ಮತ್ತೆ ಗಾಳಿಗೆ ಬಿಡುತ್ತದೆ. ನೀರು ಪೆಟ್ಟಿಗೆಯೊಳಗೇ ಸುತ್ತುತ್ತದೆ.

ಅಮೆರಿಕದಲ್ಲಿ ಎಷ್ಟೋ ಜನ ಇದಕ್ಕೆ ಬೆಕ್ಕಿನ ಕಕ್ಕಸು ತಟ್ಟೆಗೆ ಹಾಕುವ ಸಿಲಿಕಾ ಹರಳನ್ನೇ ಬಳಸುತ್ತಾರೆ. ಕೆಲಸ ಚೆನ್ನಾಗಿಯೇ ಮಾಡುತ್ತದೆ. ವಾಸನೆ ಬೆರೆಸದ ಹರಳೇ ಆಗಬೇಕು, ಮಣ್ಣಿನದು ಬೇಡ. ಡಿಸ್ಟಿಲ್ಡ್ ವಾಟರ್ ಚಿಮುಕಿಸಿದಾಗ ನೆಂದ ಹರಳು ಗಾಜಿನಂತೆ ಕಾಣುತ್ತದೆ, ಒಣಗಿದ್ದು ಬೆಳ್ಳಗಿರುತ್ತದೆ. ಎಲ್ಲವನ್ನೂ ನೆನೆಸಬೇಡಿ. ಒಂದಷ್ಟು ಬೆಳ್ಳಗೇ ಉಳಿದರೆ ಮಾತ್ರ ಹೆಚ್ಚಾದ ತೇವ ಹೀರಲು ಜಾಗ ಇರುತ್ತದೆ.

ಸಮಯ ಆಗುತ್ತಿದೆ, ಉಳಿದದ್ದು ಒಟ್ಟಿಗೆ ಹೇಳಿಬಿಡುತ್ತೇನೆ. ತೇವಾಂಶವನ್ನು ಒಂದೇ ಮಟ್ಟದಲ್ಲಿಡುವ ಬೋವೆಡಾ ಪೊಟ್ಟಣ ಬಳಸುವುದಾದರೆ 65 ಪರ್ಸೆಂಟಿನದು ತನ್ನಿ, 25 ಸಿಗಾರಿಗೆ 60 ಗ್ರಾಮಿನ ಒಂದು ಅನ್ನುವುದು ವಾಡಿಕೆ. ಮೇಲೂ ಕೆಳಗೂ ಒಂದೇ ಸಮ ಇರಲು ಕಂಪ್ಯೂಟರಿನ ಸಣ್ಣ ಫ್ಯಾನ್ ನಿಧಾನಕ್ಕೆ ತಿರುಗಲಿ. ಮೀಟರ್ ನಂಬುವ ಮುಂಚೆ ಪರೀಕ್ಷೆ ಮಾಡಿ: ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಲವು ಹನಿ ನೀರಿನಲ್ಲಿ ಮುದ್ದೆಯಾಗುವಷ್ಟು ಕಲಸಿ, ಮೀಟರ್ ಜೊತೆ ಗಾಳಿಯಾಡದ ಚೀಲದಲ್ಲಿ ರಾತ್ರಿಯಿಡೀ ಇಡಿ. ಬೆಳಗ್ಗೆ 75 ತೋರಿಸಬೇಕು. 71 ತೋರಿಸಿದರೆ ನಾಲ್ಕು ಸೇರಿಸಿ ಓದಿ.

ಕೊನೆಯದು ತಂಪಿನ ವಿಷಯ. ಬಿಸಿ ಜಾಸ್ತಿಯಾದರೆ ತಂಬಾಕಿನ ಹುಳದ ಮೊಟ್ಟೆ ಒಡೆಯುತ್ತದೆ. ನಮ್ಮಲ್ಲಿ ಅರಿಶಿನದ ಕೊಂಬು, ಕೊತ್ತಂಬರಿ ಬೀಜದಲ್ಲಿ ತೂತು ಕೊರೆದು ಪುಡಿ ಉದುರಿಸುವುದೂ ಇದೇ ಕಂದು ಹುಳ. ಅದಕ್ಕೇ ಬೇಸಿಗೆಯಲ್ಲಿ ಕೂಲರ್ ಓಡಬೇಕು. ಆದರೆ 12 ಡಿಗ್ರಿಗೆ ಇಡುವ ಅಗತ್ಯ ಖಂಡಿತ ಇಲ್ಲ, 18–20 ಸಾಕು. ನಿಮ್ಮ ಕೋಣೆಯೇ 21 ಡಿಗ್ರಿ ದಾಟದಿದ್ದರೆ ಪ್ಲಗ್ ಕಿತ್ತು ಇಡಿ. ಬಾಗಿಲಿನ ರಬ್ಬರ್ ಬಿಗಿಯಾಗಿ ಕೂರುತ್ತಿದ್ದರೆ ಅದು ಕರೆಂಟ್ ಇಲ್ಲದೆಯೂ ಒಳ್ಳೆಯ ಪೆಟ್ಟಿಗೆಯೇ, ಆಗ ರೆಕ್ಕೆಯ ಮೇಲೆ ಹನಿ ಕಟ್ಟುವ ಪ್ರಶ್ನೆಯೇ ಬರುವುದಿಲ್ಲ.

ನಿಮ್ಮದು ಕಂಪ್ರೆಸರ್ ಕೂಲರ್ ಆಗಿದ್ದರೆ ಕಾಮೆಂಟಿನಲ್ಲಿ ತಿಳಿಸಿ. ಅದಕ್ಕೆ ಹೊರಗಿನಿಂದ ಹಾಕುವ ಟೆಂಪರೇಚರ್ ಕಂಟ್ರೋಲರ್ ಬಗ್ಗೆ ಬೇರೆ ವಿಡಿಯೋ ಮಾಡೋಣ.