ಐದು ನಿಮಿಷದ ಕಂತು, ಎರಡು ದಿನದ ಏದುಸಿರು

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ನಾನು ಜಪಾನಿನಲ್ಲಿ ಮೊದಲು ಹತ್ತಿದ ಬೆಟ್ಟದ ಎತ್ತರ 197 ಮೀಟರ್. ಈ ಲೆಕ್ಕ ಹೇಳಿದಾಗ ನನ್ನಕ್ಕ ಫೋನಿನಲ್ಲೇ ನಕ್ಕಳು. ‘ಅದಕ್ಕೆ ಅಷ್ಟು ದೂರ ಹೋಗ್ಬೇಕಿತ್ತೇನೋ?’ ಎಂದಳು.

ಹೋಗಬೇಕಿತ್ತು. ಯಾಕೆಂದರೆ ಅದು ನಾನು ಆಗಲೇ ಹತ್ತು ಸಲ ಹತ್ತಿದ್ದ ಬೆಟ್ಟ. ಲ್ಯಾಪ್‌ಟಾಪಿನ ಪರದೆಯ ಮೇಲೆ, ರಾತ್ರಿ ಊಟದ ತಟ್ಟೆ ತೊಡೆಯ ಮೇಲಿಟ್ಟುಕೊಂಡು. ‘ಯಾಮಾ ನೊ ಸುಸುಮೆ’ ಎನ್ನುವ ಅನಿಮೆ, ಅಂದರೆ ಜಪಾನಿ ಕಾರ್ಟೂನ್ ಧಾರಾವಾಹಿ, 2013ರಲ್ಲಿ ಶುರುವಾಯಿತು. ಮೊದಲ ಸರಣಿಯ ಕಂತುಗಳು ಐದೈದೇ ನಿಮಿಷದವು. ಅವೊಯ್ ಎಂಬ ಹೈಸ್ಕೂಲ್ ಹುಡುಗಿ, ಎತ್ತರವೆಂದರೆ ಭಯ, ಮನೆಯಲ್ಲಿ ಕೂತು ಹೊಲಿಗೆ ಹಾಕುವುದೆಂದರೆ ಪ್ರಾಣ. ಅವಳ ಬಾಲ್ಯದ ಗೆಳತಿ ಹಿನಾತಾ ಮರಳಿ ಸಿಕ್ಕಿ, ಕೈಹಿಡಿದು ಬೆಟ್ಟಕ್ಕೆ ಎಳೆದೊಯ್ಯುತ್ತಾಳೆ. ಕಥೆ ಇಷ್ಟೇ. ಭೂತವಿಲ್ಲ, ಯುದ್ಧವಿಲ್ಲ. ಆದರೆ ಅದರಲ್ಲಿ ಬರುವ ಊರು, ನದಿ, ಬೆಟ್ಟ ಎಲ್ಲವೂ ನಿಜವಾದವು. ಟೋಕಿಯೊದ ಪಕ್ಕದ ಸೈತಾಮಾ ಪ್ರಾಂತ್ಯದ ಹಾನ್ನೊ ಎಂಬ ಊರು ಅದು.

ಹೀಗೆ ಕಥೆಯಲ್ಲಿ ಕಂಡ ಜಾಗಗಳನ್ನು ಹುಡುಕಿಕೊಂಡು ಹೋಗುವುದಕ್ಕೆ ಜಪಾನಿನಲ್ಲಿ ‘ಸೆಯಿಚಿ ಜುನ್ರೇ’ ಅನ್ನುತ್ತಾರೆ. ಕನ್ನಡದಲ್ಲಿ ಹೇಳುವುದಾದರೆ ಪುಣ್ಯಕ್ಷೇತ್ರ ಯಾತ್ರೆ. ದೇವಸ್ಥಾನಕ್ಕೆ ಹೋಗುವವರ ಮಾತನ್ನೇ ಕಾರ್ಟೂನಿನ ಅಭಿಮಾನಿಗಳು ಎತ್ತಿಕೊಂಡಿದ್ದಾರೆ. ಮೊದಲು ಇದು ತಮಾಷೆ ಅನ್ನಿಸಿತ್ತು ನನಗೆ.

ಟೋಕಿಯೊದ ಇಕೆಬುಕುರೊದಿಂದ ಸೆಯಿಬು ರೈಲು ಹಿಡಿದರೆ ಸುಮಾರು ಒಂದು ಗಂಟೆಯೊಳಗೆ ಹಾನ್ನೊ. ನಿಲ್ದಾಣದಿಂದ ಪೇಟೆಬೀದಿಯಲ್ಲಿ ನಡೆದು ಊರಂಚಿಗೆ ಬಂದರೆ ನೋನಿನ್‌ಜಿ ಎಂಬ ಬೌದ್ಧ ಗುಡಿ, ಅದರ ಬೆನ್ನಿಗೇ ನಾನು ಹೇಳಿದ ಆ 197 ಮೀಟರಿನ ತೆನ್ರಾನ್ ಬೆಟ್ಟ. 1883ರಲ್ಲಿ ಮೇಜಿ ಚಕ್ರವರ್ತಿ ಇದರ ಮೇಲೆ ನಿಂತು ಸೈನ್ಯದ ಕವಾಯತು ನೋಡಿದನಂತೆ. ಆಗಿನಿಂದ ಈ ಹೆಸರು. ಚಕ್ರವರ್ತಿ ನೋಡಿದ ಬೆಟ್ಟ ಎಂದೇ ಅರ್ಥ. ಅದಕ್ಕೂ ಹಿಂದೆ ಇದು ರಕನ್ ಬೆಟ್ಟ. ಹತ್ತುವ ದಾರಿಯಲ್ಲಿ ಬಂಡೆಯ ಮಗ್ಗುಲಿಗೆ ಹದಿನಾರು ಕಲ್ಲಿನ ವಿಗ್ರಹಗಳು ಕೂತಿವೆ, ಪಾಚಿ ಹಿಡಿದು, ಮುಖ ಸವೆದು. ಇವರೇ ‘ರಕನ್’ಗಳು. ಯಾರಪ್ಪಾ ಇವರು ಎಂದು ಹುಡುಕಿದರೆ, ಸಂಸ್ಕೃತದ ‘ಅರ್ಹತ್’, ಅಂದರೆ ಮುಕ್ತಿ ಪಡೆದ ಸಾಧಕ, ಚೀನಾ ದಾಟಿ ಜಪಾನಿಗೆ ಬರುವಷ್ಟರಲ್ಲಿ ‘ಅರಕನ್’ ಆಗಿ, ಕೊನೆಗೆ ತಲೆಯ ಅಕ್ಷರವನ್ನೂ ಕಳೆದುಕೊಂಡು ‘ರಕನ್’ ಆಗಿದೆ. ಶ್ರವಣಬೆಳಗೊಳದ ಮೆಟ್ಟಿಲುಗಳ ಮೇಲೆ ‘ಣಮೋ ಅರಹಂತಾಣಂ’ ಕೇಳಿ ಬೆಳೆದವನು ನಾನು. ಕಾರ್ಟೂನ್ ಹುಡುಗಿಯರ ಹಿಂದೆ ಬಿದ್ದು ಬಂದವನಿಗೆ ಅರ್ಹಂತರು ಸಿಕ್ಕರು!

ಅಲ್ಲಿಯವರೆಗೆ ನಾನು ಮಾಡುತ್ತಿದ್ದುದೇನು ಗೊತ್ತೇ? ಫೋನಿನಲ್ಲಿ ಅನಿಮೆಯ ಚಿತ್ರ ತೆರೆದು, ಎದುರಿನ ದೃಶ್ಯಕ್ಕೆ ಹಿಡಿದು, ಎಡಕ್ಕೆ ಅರ್ಧ ಹೆಜ್ಜೆ, ಬಲಕ್ಕೆ ಕಾಲು ಹೆಜ್ಜೆ. ಕಬ್ಬಿಣದ ಕಂಬಿ ಸರಿಯಾಗಿ ಕೂತಿತು, ಮರ ಕೂರಲಿಲ್ಲ. ಮರ ಬೆಳೆದುಬಿಟ್ಟಿತ್ತು. ಹಿಂದಿನಿಂದ ಒಬ್ಬ ಅಜ್ಜಿ, ಬೆನ್ನಿಗೆ ಪುಟ್ಟ ಚೀಲ, ನನ್ನನ್ನು ದಾಟಿಕೊಂಡು ಸರಸರನೆ ಹತ್ತಿ ಹೋದರು. ನಾನು ತುದಿ ಮುಟ್ಟುವಾಗ ಅವರು ಬುತ್ತಿ ಬಿಚ್ಚಿ ಅನ್ನದ ಉಂಡೆ ತಿನ್ನುತ್ತಿದ್ದರು. ಅಂದಿನಿಂದ ಫೋನನ್ನು ಜೇಬಿಗೆ ಹಾಕಿದೆ. ತುದಿಯ ಕಾಂಕ್ರೀಟ್ ಕಟ್ಟೆಯಿಂದ ಇಡೀ ಹಾನ್ನೊ ಕಾಣುತ್ತದೆ. ದೂರದಲ್ಲಿ, ಮೋಡವಿಲ್ಲದಿದ್ದರೆ, ಫುಜಿ.

ಅವೊಯ್ ಆಮೇಲೆ ಹೋಗುವುದು ಟಕಾವೊ ಬೆಟ್ಟಕ್ಕೆ. 599 ಮೀಟರ್. ಇದೂ ಮೆಜೆಸ್ಟಿಕ್ಕಿಗಿಂತ ತಗ್ಗು. ಭಾನುವಾರ ಹೋಗಬೇಡಿ, ನಮ್ಮ ನಂದಿಬೆಟ್ಟದ ಹಾಗೆಯೇ ಜಾತ್ರೆ. ಹೋಗಲೇಬೇಕೆಂದಿದ್ದರೆ ತೊರೆಯ ಬದಿಯ ಆರನೇ ದಾರಿ ಹಿಡಿಯಿರಿ. ಕಡೆಕಡೆಗೆ ನೀರಿನಲ್ಲೇ ಕಲ್ಲಿನಿಂದ ಕಲ್ಲಿಗೆ ಕಾಲಿಡುತ್ತಾ ಹತ್ತುವ ದಾರಿ ಅದು. ಮೇಲಿನ ಯಾಕುಒಯಿನ್ ಗುಡಿಯಲ್ಲಿ ತೆಂಗು ಎಂಬ ಬೆಟ್ಟದ ದೈವಗಳಿವೆ. ತೆಂಗು ಅಂದರೆ ನಮ್ಮ ತೆಂಗಲ್ಲ! ಒಂದಕ್ಕೆ ಗೇಣುದ್ದ ಮೂಗು, ಇನ್ನೊಂದಕ್ಕೆ ಕೊಕ್ಕು, ರೆಕ್ಕೆ. ಎರಡನೆಯದನ್ನು ನೋಡಿ ಗರುಡ ನೆನಪಾಗದಿದ್ದರೆ ಕೇಳಿ. ಅಲ್ಲಿನ ವಿಶೇಷ ತಿನಿಸು ಗೆಣಸಿನ ಜಾತಿಯ ಗೆಡ್ಡೆಯನ್ನು ತುರಿದು ಸುರಿದ ಸೊಬಾ ಶಾವಿಗೆ. ಬೆಂಡೆಕಾಯಿಯ ಲೋಳೆ ಇಷ್ಟವಿರುವವರಿಗೆ ಹಿಡಿಸೀತು. ಸಸ್ಯಾಹಾರಿಗಳು ಮೊದಲೇ ವಿಚಾರಿಸಿ, ಸಾರಿನಲ್ಲಿ ಸಾಮಾನ್ಯವಾಗಿ ಮೀನು ಇರುತ್ತದೆ.

ಇನ್ನು ಫುಜಿ. 3,776 ಮೀಟರ್. ಮುಳ್ಳಯ್ಯನಗಿರಿಯ ತಲೆಯ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಕೂರಿಸಿದರೆ ಹೆಚ್ಚುಕಡಿಮೆ ಅಷ್ಟಾದೀತು. ಎರಡನೇ ಸರಣಿಯಲ್ಲಿ ಅವೊಯ್ ಇದನ್ನು ಹತ್ತಲು ಹೋಗಿ ಸೋಲುತ್ತಾಳೆ. ಎತ್ತರದ ಗಾಳಿ ಒಗ್ಗದೆ ತಲೆ ಸಿಡಿದು, ಬೆಟ್ಟದ ತಂಗುಮನೆಯಲ್ಲೇ ಉಳಿಯುತ್ತಾಳೆ. ಗೆಳತಿ ಮೇಲೆ ಹೋಗುತ್ತಾಳೆ. ಮೊದಲ ಸಲ ನೋಡಿದಾಗ ನನಗೆ ಸಿಟ್ಟು ಬಂದಿತ್ತು. ಇಷ್ಟು ಹೊತ್ತು ನಮ್ಮನ್ನು ಹತ್ತಿಸಿ, ಇದೇನು ಕೊನೆಗೆ?

ನಾನು ಹೋದದ್ದು ಯೊಶಿದಾ ದಾರಿಯಲ್ಲಿ. 2,300 ಮೀಟರಿನ ಐದನೇ ಹಂತದವರೆಗೆ ಬಸ್ಸೇ ಬಿಡುತ್ತದೆ. ಈಗ ಈ ದಾರಿಯಲ್ಲಿ ದಿನಕ್ಕೆ 4,000 ಜನರ ಮಿತಿ ಇದೆ, 2025ರಿಂದ ಶುಲ್ಕವೂ 4,000 ಯೆನ್. ಬಸ್ಸಿಳಿದಲ್ಲೇ ಎಂಟು ಮೂಲೆಯ ಮರದ ಊರುಗೋಲು ಮಾರುತ್ತಾರೆ. ಅದರ ಹೆಸರು ‘ಕೊಂಗೊ ಜುಎ’. ಕೊಂಗೊ ಎಂದರೆ ವಜ್ರ. ದಾರಿಯ ಒಂದೊಂದು ತಂಗುಮನೆಯಲ್ಲೂ ಕಾಯಿಸಿದ ಕಬ್ಬಿಣದಿಂದ ಆ ಕೋಲಿಗೆ ಮುದ್ರೆ ಒತ್ತಿಸಿಕೊಳ್ಳಬಹುದು. ಚುರ್ ಎಂದು ಹೊಗೆ ಏಳುತ್ತದೆ, ಸೌದೆ ಒಲೆಯ ವಾಸನೆ. ಕೋಲಿನ ಕೆಳಗಿನಿಂದ ಮೇಲಕ್ಕೆ ಮುದ್ರೆ ಹತ್ತುತ್ತಾ ಹೋಗುತ್ತದೆ, ನಾವು ಹತ್ತಿದ ಹಾಗೆ.

3,000 ಮೀಟರ್ ದಾಟುವಷ್ಟರಲ್ಲಿ ನನಗೆ ಹಣೆಯ ನರ ಪಟಪಟ ಹೊಡೆದುಕೊಳ್ಳತೊಡಗಿತು. ಎಂಟನೇ ಹಂತದ ಮೇಲ್ತುದಿ, ಸುಮಾರು 3,400 ಮೀಟರ್ ಎತ್ತರದಲ್ಲಿ, ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು ಮಾತ್ರ. ನಾನೋ ಬಸ್ಸಿಳಿದವನು ಮೈ ಒಗ್ಗಿಸಿಕೊಳ್ಳಲು ಒಂದು ಗಂಟೆಯೂ ಕೂರದೆ ಹೊರಟಿದ್ದೆ. ತಂಗುಮನೆಯಲ್ಲಿ ಸಾಲಾಗಿ, ಭುಜಕ್ಕೆ ಭುಜ ತಾಗಿಸಿ ಮಲಗಿಸಿದರು. ಅನ್ನ-ಕರಿ ಕೊಟ್ಟರು, ನನ್ನ ಹೊಟ್ಟೆಯಲ್ಲಿ ಅದು ನಿಲ್ಲಲಿಲ್ಲ. ನಡುರಾತ್ರಿ ದಾಟಿದ ಮೇಲೆ ಎಲ್ಲರೂ ಹಣೆಗೆ ದೀಪ ಕಟ್ಟಿಕೊಂಡು ಎದ್ದರು. ಜೊತೆಗಿದ್ದ ಧಾರವಾಡದ ಗೆಳೆಯ ನನ್ನ ಮುಖ ನೋಡಿ, ‘ನೀ ಇಲ್ಲೇ ಮಕ್ಕೊಳ್ಳಪಾ, ನಾ ಹೋಗಿ ಬರ್ತೀನಿ’ ಎಂದ. ಅವನು ಆ ಅನಿಮೆ ನೋಡಿದವನಲ್ಲ. ಆದರೂ ಅದೇ ದೃಶ್ಯ. ಅವನು ಹಿನಾತಾ, ನಾನು ಅವೊಯ್. ತೆನ್ರಾನಿನಲ್ಲಿ ಪಕ್ಕಕ್ಕೆ ಸರಿದು ಸರಿದು ಹೊಂದಿಸಲು ಹೋದಾಗ ಕಂಬಿ ಕೂತರೂ ಮರ ಕೂತಿರಲಿಲ್ಲ. ಇದೊಂದು ತಾನಾಗಿ ಕೂತಿತು.

ಬೆಳಗಿನ ಜಾವ ಕಂಬಳಿ ಹೊದ್ದು ಬಾಗಿಲಾಚೆ ಬಂದೆ. ಕೆಳಗೆಲ್ಲ ಮೋಡದ ಹಾಸು. ಮೇಲೆ, ದಾರಿಯುದ್ದಕ್ಕೂ ಹಣೆದೀಪಗಳ ಸಾಲು, ತುದಿಯತ್ತ ತೆವಳುತ್ತಿತ್ತು. ಸೂರ್ಯ ಹುಟ್ಟುವುದು ಆ ದಾರಿಯ ತಂಗುಮನೆಗಳಿಂದಲೂ ಕಾಣುತ್ತದೆ, ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಪಕ್ಕದಲ್ಲಿ ನನ್ನಂತೆಯೇ ಹಿಂದುಳಿದ ಮೂರು ನಾಲ್ಕು ಮಂದಿ ಇದ್ದರು. ಯಾರೂ ಯಾರನ್ನೂ ಏನೂ ಕೇಳಲಿಲ್ಲ.

ಅವೊಯ್ ಸುಮ್ಮನೆ ಬಿಟ್ಟವಳಲ್ಲ. 2022ರ ಸರಣಿಯಲ್ಲಿ ಮತ್ತೆ ಹೋಗಿ ಫುಜಿ ಮುಟ್ಟಿ ಬಂದಳು. ನಾನಿನ್ನೂ ಹೋಗಿಲ್ಲ.

ಊರುಗೋಲನ್ನು ವಿಮಾನದಲ್ಲಿ ಊರಿಗೆ ತಂದೆ. ಅಮ್ಮ ಈಗ ಅದರಿಂದ ಹಿತ್ತಿಲ ದಾಸವಾಳದ ಕೊಂಬೆ ಬಗ್ಗಿಸುತ್ತಾರೆ. ಮುಕ್ಕಾಲು ಕೋಲಿಗೆ ಕರಿಯ ಮುದ್ರೆಗಳಿವೆ, ಮೇಲಿನ ಗೇಣಿನಷ್ಟು ಖಾಲಿ. ಅದ್ಯಾಕೆ ಅಲ್ಲಿ ಬಿಟ್ಟಿದ್ದಾರೆ ಎಂದು ಪಕ್ಕದ ಮನೆಯವರು ಕೇಳಿದರೆ, ‘ಅಲ್ಲಿಗೆ ಇವನಿಗೆ ವಾಂತಿ ಬಂತಂತೆ’ ಎನ್ನುತ್ತಾ ಹೂ ಕೀಳುತ್ತಾರೆ.

ನಮಸ್ಕಾರ.